ಇನ್ನೊಂದು ವಾಯಿದೆಯವರೆಗೆ

ಮೊನ್ನೆ ಬೆಳಿಗ್ಗೆ ಮಂಡಿಯಲ್ಲಿ ಈ ವರ್ಷದ ಮೊದಲ ಅವರೆಕಾಯಿ ಮೂಟೆ ಬಿಚ್ಚಿದರು. ಮಂಡಿಕಲ್ ಕಡೆಯ ಮಾಲು. ಮಂಜು ಬಿದ್ದ ಕಾಯಿ, ಮುಟ್ಟಿದರೆ ಎಣ್ಣೆಯ ಹಾಗೆ ಕೈಗೆ ಸೊಗಡು ಅಂಟುವಂಥದ್ದು. ಸುತ್ತ ನಿಂತವರೆಲ್ಲ ಒಂದೊಂದು ಕಾಯಿ ಎತ್ತಿ ಮೂಸಿ ನೋಡಿದರು. ನಾನು ತೂಕ ಹಾಕಿಸಿ, ಬೆಲೆ ಕೂಗಿಸಿ, ಚೀಟಿ ಬರೆದುಕೊಟ್ಟು, ಹಿಂದಿನ ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಅವರೆಕಾಯಿ ಸಾರು ಮಾಡಿಲ್ಲ. ಮಾರುತ್ತೇನೆ, ಅಷ್ಟೇ.

ಚಿಂತಾಮಣಿ ಮಾರುಕಟ್ಟೆಯಲ್ಲಿ ನನ್ನನ್ನು ಅಂಜಿನಕ್ಕ ಎನ್ನುತ್ತಾರೆ. ಕೊತ್ತಂಬರಿ ಸೊಪ್ಪಿನ ಕಟ್ಟು ತಲೆಯ ಮೇಲೆ ಹೊತ್ತು ಬಂದವಳು ನಾನು. ಈಗ ನನ್ನದೇ ತರಕಾರಿ ಮಂಡಿ ಇದೆ. ಓದಿದ್ದು ಏಳನೇ ಕ್ಲಾಸು. ಆದರೆ ಎದುರಿನವರ ಮುಖ ನೋಡಿ ಅವರು ಎಲ್ಲಿಯವರೆಗೆ ಇಳಿಯುತ್ತಾರೆ, ಎಲ್ಲಿ ಕಾಲೂರಿ ನಿಲ್ಲುತ್ತಾರೆ ಎಂದು ಹೇಳಬಲ್ಲೆ. ಅದಕ್ಕೇ ಜಮೀನಿನ ತಕರಾರು, ಮದುವೆಯ ಮಾತುಕತೆ, ಎಮ್ಮೆ ಕೊಳ್ಳುವುದು ಏನೇ ಇರಲಿ, ‘ಅಂಜಿನಕ್ಕನ್ನ ಒಂದು ಮಾತು ಕೇಳಣ’ ಎಂದು ಜನ ಬರುತ್ತಾರೆ. ಈಚೆಗೆ ಅಪಘಾತದವರೂ ಬರುತ್ತಾರೆ. “ನಿಮ್ ತಂಗಿ ಕೇಸು ನೀವೇ ನಿಂತು ಗೆಲ್ಸಿದ್ರಂತಲ್ಲಕ್ಕಾ, ನಮ್ಗೂ ಸ್ವಲ್ಪ ಹೇಳ್ಕೊಡಿ” ಎನ್ನುತ್ತಾರೆ. ಹೇಳಿಕೊಡುತ್ತೇನೆ. ಆದರೆ ಪ್ರತಿಯೊಬ್ಬರಿಗೂ ಅರ್ಧ ಹೇಳಿ ಅರ್ಧ ನುಂಗುತ್ತಿದ್ದೇನೆ. ಈ ಸಲ ಪೂರ್ತಿ ಬರೆದುಬಿಡೋಣ ಎಂದು ಕೂತಿದ್ದೇನೆ.

ತಂಗಿ ಪದ್ಮ ನನಗಿಂತ ಎಂಟು ವರ್ಷ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ಆರು ವರ್ಷ. ಜಡೆ ಹಾಕಿದ್ದು, ಶಾಲೆಗೆ ಸೇರಿಸಿದ್ದು, ಶಿಡ್ಲಘಟ್ಟದ ಕೃಷ್ಣಪ್ಪನಿಗೆ ಕೊಟ್ಟು ಮದುವೆ ಮಾಡಿದ್ದು ಎಲ್ಲ ನಾನೇ. ನಾನು ಬಾವಿಗೆ ಬೀಳೇ ಎಂದರೆ, ಯಾವ ಬಾವಿ ಎಂದು ಕೇಳುವಳೇ ಹೊರತು ಯಾಕೆ ಎಂದು ಕೇಳುವವಳಲ್ಲ.

ಗಂಡ ಹೆಂಡತಿ ಮನೆಯ ಹಿಂದೆ ಶೀಟಿನ ಶೆಡ್ಡಿನಲ್ಲಿ ಒಂದು ಚರಕ ಇಟ್ಟುಕೊಂಡು ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದರು. ಕೃಷ್ಣಪ್ಪ ಮಾರುಕಟ್ಟೆಯಿಂದ ಗೂಡು ತಂದು ಬೇಯಿಸಿ, ಚಕ್ರ ತಿರುಗಿಸುವನು. ಬಿಸಿನೀರಿನ ಬಾಣಲೆಯ ಮುಂದೆ ಕೂರುವವಳು ಪದ್ಮ. ತೇಲುವ ಗೂಡಿನಿಂದ ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಓಡುವ ನೂಲಿಗೆ ಸೇರಿಸಬೇಕು. ಒಂದು ಗೂಡು ಮುಗಿಯುವುದರೊಳಗೆ ಇನ್ನೊಂದರ ಎಳೆ ಸೇರಬೇಕು. ತಡವಾದರೆ ನೂಲು ತೆಳ್ಳಗಾಗುತ್ತದೆ, ಅವಸರ ಮಾಡಿದರೆ ಗಂಟು ಬೀಳುತ್ತದೆ. ಪದ್ಮ ಇದನ್ನು ಬೀದಿಯವರ ಜೊತೆ ಹರಟುತ್ತಾ, ಬಾಣಲೆಯ ಕಡೆ ನೋಡದೆಯೇ ಮಾಡುವಳು. ನೂಲಿನ ವ್ಯಾಪಾರಿಗಳು ಮುಟ್ಟಿ ನೋಡಿ “ಇದು ಪದ್ಮಕ್ಕನ್ದು” ಎಂದು ಪ್ರತ್ಯೇಕ ಎತ್ತಿಡುತ್ತಿದ್ದರು. ಅವಳ ನೂಲಿಗೆ ಬೆಲೆ ಏರಿಸಲು ನಾನು ಹೋಗಿ ಬಾಯಿ ಮಾಡುವ ಅಗತ್ಯ ಒಂದು ದಿನವೂ ಬರಲಿಲ್ಲ.

ಮೂರು ವರ್ಷದ ಹಿಂದೆ ಕಾರ್ತಿಕದ ಒಂದು ಸೋಮವಾರ ನಾನೂ ಪದ್ಮಳೂ ಕೈವಾರದ ದೇವಸ್ಥಾನಕ್ಕೆ ಹೋಗಿ ಶೇರ್ ಆಟೋದಲ್ಲಿ ವಾಪಸು ಬರುತ್ತಿದ್ದೆವು. ನಡುಮಧ್ಯಾಹ್ನದ ಬಿಸಿಲು. ಪದ್ಮ ಅಂಚಿನಲ್ಲಿ ಕೂತು ಬಲಗೈಯಲ್ಲಿ ಕಂಬಿ ಹಿಡಿದುಕೊಂಡು, ಕೃಷ್ಣಪ್ಪ ಹೊಸ ಅಂಗಿ ಹಾಕಿಕೊಂಡರೆ ಹೇಗೆ ನಡೆಯುತ್ತಾನೆ ಎಂದು ಹೇಳಿ ನಗಿಸುತ್ತಿದ್ದಳು. ಹಿಂದಿನಿಂದ ಬಂದ ಕಾರೊಂದು ನಮ್ಮನ್ನು ದಾಟಲು ಹೋಗಿ, ಎದುರಿಗೆ ಬಸ್ಸು ಕಂಡ ಕೂಡಲೇ ಎಡಕ್ಕೆ ಎಳೆದುಕೊಂಡಿತು. ಆಟೋ ಮಗುಚಿತು. ನನಗೆ ಒಂದು ಗೀರೂ ಆಗಲಿಲ್ಲ. ಆಟೋದವನ ಹಣೆ ಒಡೆದಿತ್ತು. ಪದ್ಮಳ ಬಲ ಮಣಿಕಟ್ಟು ಕಂಬಿಗೂ ರಸ್ತೆಗೂ ನಡುವೆ ಸಿಕ್ಕಿಕೊಂಡಿತ್ತು. ಬಿಡಿಸಿದಾಗ ಕೈ ತನ್ನದಲ್ಲವೇನೋ ಎನ್ನುವ ಹಾಗೆ ತಿರುಗಿ ನಿಂತಿತ್ತು. ಅವಳು ಅಳಲಿಲ್ಲ. “ಅಕ್ಕಾ, ನಾಳೆಗೆ ಗೂಡು ತಗೋಬೇಡಿ ಅಂತ ಅವ್ರಿಗೆ ಒಂದು ಫೋನ್ ಮಾಡಕ್ಕಾ” ಎಂದಳು.

ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು. ಮೂರನೆಯ ದಿನ ಕಾರಿನ ಮಾಲೀಕನ ಕಡೆಯವರೊಬ್ಬರು ಆಸ್ಪತ್ರೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ದಾಳಿಂಬೆಯ ಕವರು.

“ದೇವ್ರು ದೊಡ್ಡೋನು, ಪ್ರಾಣಕ್ಕೇನೂ ಆಗ್ಲಿಲ್ಲ. ಕೇಸು ಗೀಸು ಅಂತ ಯಾಕಮ್ಮಾ ಅಲೀತೀರ? ಆಸ್ಪತ್ರೆ ಖರ್ಚು ನಾವ್ ನೋಡ್ಕೊಂತೀವಿ. ಒಂದು ಕಾಗ್ದಕ್ಕೆ ಸೈನ್ ಹಾಕ್ಬಿಡಿ” ಎಂದರು.

“ಈ ದಾಳಿಂಬೆ ಕೆ.ಜಿ. ಎಷ್ಟಕ್ಕೆ ತಂದ್ರಿ ಸಾರ್?” ಎಂದೆ.

ಹೇಳಿದರು.

“ಚೆನ್ನಾಗಿ ಟೋಪಿ ಹಾಕೌರೆ ನಿಮ್ಗೆ. ಹಣ್ಣಿನ ಬೆಲೇನೇ ಗೊತ್ತಿಲ್ದೋರು ನಮ್ ಹುಡುಗಿ ಕೈ ಬೆಲೆ ಏನ್ ಕಟ್ತೀರ? ಹೋಗ್ಬನ್ನಿ.”

ಡ್ರಿಪ್ ಹಾಕಿಕೊಂಡು ಮಲಗಿದ್ದ ಪದ್ಮ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಅಯ್ಯೋ ಅಕ್ಕಾ, ನಗ್ಸಬೇಡ, ಹೊಲಿಗೆ ಎಳೀತದೆ” ಎಂದಳು. ಆ ನಗು ಕೇಳಿ ನನಗೆ ಎಲ್ಲ ನನ್ನ ಕೈಯಲ್ಲೇ ಇದೆ ಎನ್ನಿಸಿತು.

ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯೇ. ಇವತ್ತೂ ಅದನ್ನೇ ಹೇಳುತ್ತೇನೆ. ಯಾರಾದರೂ ಗುದ್ದಿ ಹೋದರೆ ಮೊದಲು ಗಾಡಿಯ ನಂಬರು ಬರೆದುಕೊಳ್ಳಿ. ಅವತ್ತೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಕೈಗೆ ತೆಗೆದುಕೊಳ್ಳಿ. ಆಸ್ಪತ್ರೆಯ ಚೀಟಿ, ಮಾತ್ರೆಯ ಬಿಲ್ಲು, ಆಟೋ ಬಾಡಿಗೆ ಎಲ್ಲವನ್ನೂ ಒಂದು ಚೀಲದಲ್ಲಿ ಇಡಿ. ಹಣ್ಣು ತಂದವರ ಕಾಗದಕ್ಕೆ ಸಹಿ ಹಾಕಬೇಡಿ. ಕೊಡುವುದು ಬಹುತೇಕ ಆ ಕಾರಿನ ಇನ್ಶೂರೆನ್ಸ್ ಕಂಪನಿ. ಅವರ ಮುಲಾಜು ನಿಮಗೆ ಬೇಕಿಲ್ಲ.

ಚಿಂತಾಮಣಿಯ ಶ್ರೀನಿವಾಸಯ್ಯ ಎನ್ನುವ ವಕೀಲರು ಪರಿಹಾರದ ಅರ್ಜಿ ಹಾಕಿದರು. ನಿಧಾನದ ಮನುಷ್ಯ. ಕನ್ನಡಕ ಒರೆಸುತ್ತಾ ನನಗೆ ತಿಳಿಯುವ ಹಾಗೆ ಹೇಳಿದರು: “ನೋಡಮ್ಮಾ, ಕೈಯಲ್ಲಿ ಕೊನೆಗೆ ಎಷ್ಟು ಊನ ಉಳಿಯುತ್ತೆ ಅಂತ ಡಾಕ್ಟರು ಶೇಕಡಾ ಲೆಕ್ಕದಲ್ಲಿ ಬರ್ಕೊಡ್ತಾರೆ. ಪರಿಹಾರ ಬಹುಪಾಲು ಅದರ ಮೇಲೆ ನಿಲ್ಲುತ್ತೆ. ಚಿಕಿತ್ಸೆ ಮುಗೀಲಿ, ಆಮೇಲೆ ಬರೆಸೋಣ. ಅಲ್ಲೀವರೆಗೂ ಆಸ್ಪತ್ರೇಲಿ ಹೇಳಿದ್ದೆಲ್ಲ ತಪ್ಪದೆ ಮಾಡಿಸಿ.” ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋದದ್ದು ಮಾತ್ರ ಶೇಕಡಾ.

ಪದ್ಮಳನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಪ್ಲಾಸ್ಟರ್ ಕಟ್ಟು ಬಿಚ್ಚುವ ಹೊತ್ತಿಗೆ ಚಳಿ ಜೋರಾಗಿತ್ತು, ಮಾರುಕಟ್ಟೆಯ ತುಂಬ ಅವರೆಕಾಯಿ. ಬೆಳಗಿನ ಮಂಜಿನಲ್ಲಿ ಮೂಟೆ ಇಳಿಸುವವರ ಬಾಯಲ್ಲಿ ಹೊಗೆ. ಆಸ್ಪತ್ರೆಯಲ್ಲಿ ಕೈ ವ್ಯಾಯಾಮ ಹೇಳಿಕೊಡುವ ಹುಡುಗಿ ಶಾಹೀನ್, ನಮ್ಮ ಊರಿನವಳೇ. ಪದ್ಮಳ ಊದಿದ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಚಿ ಬಿಡಿಸಿ ತೋರಿಸಿದಳು. ಪದ್ಮಳ ಕಣ್ಣಲ್ಲಿ ನೀರು ಬಂತು.

“ನೋಯುತ್ತೆ ಪದ್ಮಕ್ಕಾ, ನೋಯ್ಲಿ. ಸುಮ್ನೆ ಇಟ್ರೆ ಬೆರಳು ಕೆಲ್ಸ ಮರ್ತೋಗುತ್ತೆ. ಬಿಸಿನೀರಲ್ಲಿ ಅದ್ದಿ ಬಟ್ಟೆ ಹಿಂಡಿ. ಇನ್ನೇನು ಅವರೆಕಾಯಿ ಟೈಮು ಅಲ್ವಾ, ನೆನೆಹಾಕಿ ದಿನಾ ಒಂದು ಪಾವು ಹಿತುಕಿ. ಹೆಬ್ಬೆಟ್ಟು, ತೋರುಬೆಟ್ಟು ಎರಡಕ್ಕೂ ಇದಕ್ಕಿಂತ ಒಳ್ಳೆ ಮದ್ದು ನಮ್ ಹತ್ರ ಇಲ್ಲ” ಎಂದಳು. ನಂತರ ನನ್ನ ಕಡೆ ತಿರುಗಿ, “ಇದು ಪೂರಾ ಆಗೋ ಕೈ ಅಕ್ಕಾ. ನಾಲ್ಕು ತಿಂಗ್ಳು ಬಿಡ್ದೆ ಮಾಡ್ಸಿ, ಮೊದ್ಲಿನಂಗೆ ನೂಲು ತೆಗೀತಾರೆ” ಎಂದಳು.

ಎರಡನೆಯ ವಾರವೂ ಹೋದೆವು. ಮೂರನೆಯ ವಾರವೂ ಹೋದೆವು. ಪ್ರತಿ ಸಲವೂ ಶಾಹೀನ್, ಬಂದದ್ದರ ಗುರುತಿಗೆ, ಹಳದಿ ಕಾರ್ಡಿನಲ್ಲಿ ಸಹಿ ಹಾಕುವಳು.

ಆ ವಾರವೇ ಟೊಮ್ಯಾಟೊ ಮಂಡಿಯ ರಾಮಾಂಜಿ ಟೀ ಕುಡಿಯುತ್ತಾ ನನ್ನ ಪಕ್ಕ ಬಂದು ಕೂತ. ಅವನ ಭಾವಮೈದುನನಿಗೆ ಹಿಂದೆ ಕಾಲು ಮುರಿದು ಪರಿಹಾರ ಬಂದಿತ್ತು.

“ಅಂಜಿನಕ್ಕಾ, ಜಾಗ್ರತ್ತ. ಇನ್ಶೂರೆನ್ಸ್‌ನೋರು ಜನ ಬಿಡ್ತಾರೆ. ಮನೆ ಎದ್ರು ನಿಂತ್ಕೊಂಡು ಮೊಬೈಲಲ್ಲಿ ವಿಡಿಯೋ ತೆಗೀತಾರೆ. ಬಿಂದಿಗೆ ಎತ್ತಿದ್ದು ಕಂಡ್ರೆ ಮುಗೀತು. ಡಾಕ್ಟ್ರು ಬೆರಳು ಎಷ್ಟು ಮಡ್ಚುತ್ತೆ ಅಂತ ಅಳ್ತೆ ಹಿಡಿದು ನೋಡ್ತಾರೆ. ಪೂರ್ತಿ ಮಡ್ಚಿದ್ರೆ ಸೊನ್ನೆ ಬರ್ದು ಕಳಿಸ್ತಾರೆ.”

“ಹಂಗಾದ್ರೆ ಕೈ ವಾಸಿ ಆದ್ರೆ?”

“ವಾಸಿ ಆದ್ರೆ ಪರಿಹಾರ ಯಾತಕ್ಕಕ್ಕಾ?” ಎಂದು ನಕ್ಕ.

ಅವನು ಹೇಳಿದ, ನಾನು ಕೇಳಿದೆ ಎಂದು ತಪ್ಪನ್ನು ಅವನ ಮೇಲೆ ಹಾಕುವುದಿಲ್ಲ. ಮಾರುಕಟ್ಟೆಯಲ್ಲಿ ದಿನಕ್ಕೆ ನೂರು ಮಾತು ಕಿವಿಗೆ ಬೀಳುತ್ತವೆ, ಎಲ್ಲವನ್ನೂ ಮನೆಗೆ ತರುವುದಿಲ್ಲ. ಇದನ್ನು ತಂದೆ. ಯಾಕೆಂದರೆ ನನ್ನ ವ್ಯಾಪಾರದ ಬುದ್ಧಿಗೆ ಅದು ಹೊಸ ಲೆಕ್ಕವಾಗಿ ಹೊಳೆಯಿತು. ನಾನು ಮಾರುವ ಮಾಲು ಬಾಡಿದರೆ ಬೆಲೆ ಬೀಳುತ್ತದೆ. ಇಲ್ಲಿ ಮಾಲು ಕೆಟ್ಟಷ್ಟೂ ಬೆಲೆ ಏರುತ್ತದೆ. ಆದ್ದರಿಂದ ಡಾಕ್ಟರು ಬರೆದುಕೊಡುವವರೆಗೆ ಕೈ ಹಾಗೆಯೇ ಇರಲಿ, ಆಮೇಲೆ ಎಷ್ಟು ಬೇಕಾದರೂ ವ್ಯಾಯಾಮ ಮಾಡಿಸೋಣ. ಬಂದ ಹಣದಲ್ಲಿ ಚರಕದ ಜಾಗಕ್ಕೆ ಕರೆಂಟಿನ ಮೆಷಿನ್ ಹಾಕಿಸೋಣ ಎಂದು ಲೆಕ್ಕ ಹಾಕಿದೆ. ತಂಗಿಯ ಒಳ್ಳೆಯದಕ್ಕೇ ಹಾಕಿದ ಲೆಕ್ಕ. ಕೈ ಎನ್ನುವುದು ಹೇಳಿದ ದಿನದವರೆಗೆ ಕಾದು ಕೂರುವುದಿಲ್ಲ ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ. ಬಾಡುವ ಸೊಪ್ಪು ಮಾರಿ ಬದುಕಿದವಳಿಗೆ ಹೊಳೆಯಲಿಲ್ಲ.

ಅವತ್ತು ಮನೆಗೆ ಬಂದಾಗ ಪದ್ಮ ಬಾಗಿಲ ಮುಂದೆ ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದಳು. ಮುಂದೆ ನೆನೆಹಾಕಿದ ಅವರೆಕಾಳಿನ ಬೇಸಿನ್ನು. ಬಲಗೈಯ ಎರಡು ಬೆರಳಿನ ನಡುವೆ ಕಾಳು ಇಟ್ಟು, ತುಟಿ ಕಚ್ಚಿ ಒತ್ತಿದಳು. ಬೇಳೆ ಸಿಪ್ಪೆಯಿಂದ ಚಿಮ್ಮಿ ನನ್ನ ಕಾಲ ಹತ್ತಿರ ಬಂದು ಬಿತ್ತು.

“ನೋಡಕ್ಕಾ, ಹಾರ್ತು! ನಿನ್ನೆ ಹನ್ನೆರಡು, ಇವತ್ತು ಆಗ್ಲೇ ಐವತ್ತು ಆಯ್ತು ಕಣಕ್ಕಾ. ನಾಳಿದ್ದು ಹಿತುಕಿದಬೇಳೆ ಸಾರು ನಂದೇ.”

ನಾನು ಬೀದಿಯ ಆ ಕಡೆ ಈ ಕಡೆ ನೋಡಿದೆ. ಎದುರು ಮನೆಯ ಗೇಟಿಗೆ ಒರಗಿ ಯಾರೋ ಒಬ್ಬ ಮೊಬೈಲು ನೋಡುತ್ತಾ ನಿಂತಿದ್ದ. ಬೇಸಿನ್ನು ಕಿತ್ತುಕೊಂಡೆ. “ಒಳಗ್ ನಡೀ ಮೊದ್ಲು.”

“ಯಾಕಕ್ಕಾ?”

ಜೀವಮಾನದಲ್ಲಿ ಅವಳು ನನ್ನನ್ನು ಯಾಕೆ ಎಂದು ಕೇಳಿದ್ದು ಅದೊಂದೇ ಸಲ. ಒಳಗೆ ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಡಾಕ್ಟರು ಅಳತೆ ತೆಗೆಯುವವರೆಗೆ ಬಲಗೈ ಅಲ್ಲಾಡಿಸಕೂಡದು, ವ್ಯಾಯಾಮಕ್ಕೆ ಹೋಗಕೂಡದು, ಕೈಗೆ ಆಧಾರವಾಗಿ ಕತ್ತಿಗೆ ಹಾಕಿದ ಪಟ್ಟಿ ತೆಗೆಯಕೂಡದು.

“ಶಾಹೀನು ಬಯ್ತಾಳಲ್ಲಕ್ಕಾ.”

“ಅವ್ಳಿಗೆ ನಾನ್ ಹೇಳ್ತೀನಿ. ಒಂದೆರಡು ತಿಂಗ್ಳು ಅಷ್ಟೇ ಕಣೇ. ಒಂದೆರಡು ವಾಯಿದೆ ಮುಗೀಲಿ.”

ಅವಳು ತನ್ನ ಬೆರಳುಗಳನ್ನು ಒಂದು ಸಲ ಮಡಚಿ ನೋಡಿಕೊಂಡಳು. “ಆಯ್ತು ಬಿಡು. ನಿಂಗ್ ಗೊತ್ತಿರ್ತದೆ” ಎಂದಳು. ಆ ಅವರೆಬೇಳೆಯ ಸಾರನ್ನು ನಾನೇ ಮಾಡಿದೆ. ಅವಳು ಎಡಗೈಯಲ್ಲಿ ಚಮಚ ಹಿಡಿದು ತಿಂದಳು.

ವಾಯಿದೆ ಎಂದರೆ ಕೋರ್ಟಿನಲ್ಲಿ ಕೇಸು ಬರುವ ದಿನ. ಅದು ಒಂದೆರಡಕ್ಕೆ ಮುಗಿಯುವುದಿಲ್ಲ ಎನ್ನುವುದು ಕೋರ್ಟಿನ ಕಟ್ಟೆ ತುಳಿದವರಿಗೆಲ್ಲ ಗೊತ್ತು, ನನಗೆ ಗೊತ್ತಿರಲಿಲ್ಲ. ಸಂಕ್ರಾಂತಿಗೆ ಪದ್ಮ ಶಿಡ್ಲಘಟ್ಟಕ್ಕೆ ಹೋದಳು. ಒಂದು ವಾಯಿದೆಗೆ ಕಂಪನಿಯ ವಕೀಲರು ಬರಲಿಲ್ಲ. ಇನ್ನೊಂದಕ್ಕೆ ನ್ಯಾಯಾಧೀಶರು ರಜೆ. ಯುಗಾದಿ ಕಳೆಯಿತು. ಡಾಕ್ಟರಿಗೆ ವರ್ಗವಾಗಿ ಹೊಸಬರು ಬರಬೇಕಿತ್ತು. ಆಮೇಲೆ ಕೋರ್ಟಿಗೆ ಬೇಸಿಗೆ ರಜೆ. ಮಾರುಕಟ್ಟೆಗೆ ಮಾವು ಬಂದು, ರಾಶಿ ರಾಶಿ ಕೊಳೆತು, ಮಾವೂ ಮುಗಿಯಿತು.

ಶಿಡ್ಲಘಟ್ಟದ ಶೆಡ್ಡಿನಲ್ಲಿ ಕೂಲಿಗೆ ಬಂದ ಹೆಂಗಸೊಬ್ಬಳು ಬಾಣಲೆಯ ಮುಂದೆ ಕೂರುತ್ತಿದ್ದಳು. ಪದ್ಮ ಪಕ್ಕದಲ್ಲಿ ನಿಂತು “ಅಲ್ಲಿ ತೆಳ್ಳಗಾಯ್ತು ನೋಡಮ್ಮ, ಅಲ್ಲಿ ಸೇರ್ಸು” ಎಂದು ಹೇಳಿಕೊಡುವಳು. ಎಷ್ಟೋ ಸಲ ಕೈ ತಾನಾಗಿಯೇ ಬಾಣಲೆಯ ಕಡೆ ಹೋಗುತ್ತಿತ್ತಂತೆ. ನನ್ನ ಮಾತು ನೆನಪಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳಂತೆ. ಇದನ್ನು ಕೃಷ್ಣಪ್ಪ ಬಹಳ ತಡವಾಗಿ ನನಗೆ ಹೇಳಿದ. ಅವನು ನನ್ನೆದುರು ಕೂತು ಮಾತಾಡುವವನೇ ಅಲ್ಲ. ಆದರೂ ಮುಂಗಾರು ಶುರುವಾದ ಮೇಲೆ ಒಂದು ದಿನ ಮಂಡಿಯವರೆಗೂ ಬಂದು, ಒದ್ದೆ ಚೀಲ ಕೈಯಲ್ಲಿ ಹಿಡಿದು ನಿಂತ.

“ಅಕ್ಕಾ, ಅವ್ಳ ಬೆರಳು ಬಿಗ್ದೋಗ್ತಾ ಐತೆ. ನಾನೇ ಮೆತ್ತಗೆ ಬಿಡ್ಸಕ್ಕೆ ನೋಡ್ದೆ. ಬರ್ಲಿಲ್ಲ. ನಂಗ್ ಯಾಕೋ ಭಯ ಆಗ್ತೈತೆ.”

“ಮುಂದಿನ ತಿಂಗ್ಳು ಡಾಕ್ಟ್ರು ನೋಡ್ತಾರಲ್ಲಪ್ಪಾ. ಇಷ್ಟು ದಿನ ಕಾದಿದೀವಿ, ಈಗ ಕೆಡಿಸ್ಕೊಂಡ್ರೆ ಹೆಂಗೆ? ಇನ್ನೊಂದು ವಾಯಿದೆ ಅಷ್ಟೇ.”

ಅವನು ತಲೆ ಆಡಿಸಿ ಹೋದ. ಅಷ್ಟು ದೂರದಿಂದ ಮಳೆಯಲ್ಲಿ ಬಂದವನಿಗೆ ಒಂದು ಲೋಟ ಟೀ ಕೂಡ ತರಿಸಿರಲಿಲ್ಲ ಎಂದು ಅವನು ಹೋದ ಮೇಲೆ ನೆನಪಾಯಿತು.

ಕೊನೆಗೂ ಡಾಕ್ಟರು ನೋಡಿದರು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಒಂದೊಂದು ಬೆರಳಿಗೂ ಹಿಡಿದರು. ಪದ್ಮಳ ನಾಲ್ಕು ಬೆರಳೂ ಅರ್ಧ ಮಡಚಿದ ಹಾಗೆಯೇ ನಿಂತಿದ್ದವು. ಪೂರ್ತಿ ಬಿಚ್ಚುತ್ತಿರಲಿಲ್ಲ, ಪೂರ್ತಿ ಮುಚ್ಚುತ್ತಲೂ ಇರಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

“ಮೂಳೆ ಚೆನ್ನಾಗಿ ಕೂಡಿದೆಯಲ್ಲ. ಇಷ್ಟು ಬಿಗಿಯಾಗೋ ಹಾಗೇ ಇಲ್ಲ. ವ್ಯಾಯಾಮ ಮಾಡ್ಲಿಲ್ವೇನಮ್ಮಾ?”

ನಾನು ಬಾಯಿ ತೆರೆಯುವ ಮೊದಲೇ ಪದ್ಮ ಹೇಳಿದಳು: “ನಂದೇ ಸೋಂಬೇರಿತನ ಸಾರ್.”

ಡಾಕ್ಟರು ಶೇಕಡಾ ಬರೆದರು. ಆ ಅಂಕಿ ರಾಮಾಂಜಿಯ ಭಾವಮೈದುನನಿಗೆ ಬರೆದದ್ದಕ್ಕಿಂತ ಹೆಚ್ಚಿತ್ತು, ವಕೀಲರು ಊಹಿಸಿದ್ದಕ್ಕಿಂತ ಹೆಚ್ಚಿತ್ತು. ಇದನ್ನು ಬರೆಯಲೇಬೇಕು ಎಂದು ಕೂತಿರುವುದರಿಂದ ಬರೆಯುತ್ತೇನೆ: ಆ ಅಂಕಿ ನೋಡಿ ನನಗೆ ಸಂತೋಷವಾಯಿತು. ಒಳ್ಳೆಯ ಬೆಲೆಗೆ ಮಾಲು ಹೋದ ದಿನ ಎದೆಯಲ್ಲಿ ಆಗುವಂಥದ್ದೇ ಸಂತೋಷ. ಕಾಗದವನ್ನು ಮಡಚಿ ಚೀಲಕ್ಕೆ ಹಾಕುವಷ್ಟು ಹೊತ್ತು ಅದು ಇತ್ತು.

ಹೊರಗೆ ವರಾಂಡದಲ್ಲಿ ಶಾಹೀನ್ ಸಿಕ್ಕಳು. “ಪದ್ಮಕ್ಕಾ! ಎಲ್ಲಿ ಹೋಗ್ಬಿಟ್ರಿ? ಎಷ್ಟು ದಿನ ದಾರಿ ನೋಡ್ದೆ” ಎಂದು ನಗುತ್ತಾ ಬಂದು ಬಲಗೈ ಹಿಡಿದುಕೊಂಡಳು. ಬೆರಳು ಮಡಚಲು ನೋಡಿದಳು, ಬಿಡಿಸಲು ನೋಡಿದಳು. ನಗು ನಿಂತಿತು. ತಲೆ ಬಗ್ಗಿಸಿಕೊಂಡು ಆ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟಳು.

“ಈಗಿಂದ ಮಾಡಿದ್ರೆ ಆಗಲ್ವೇನಮ್ಮಾ? ದಿನಾ ಕರ್ಕೊಂಡ್ ಬರ್ತೀನಿ” ಎಂದೆ.

“ಮಾಡಣ ಅಕ್ಕಾ” ಎಂದಳು. ಮೊದಲಿನ ಹಾಗೆ ನೂಲು ತೆಗೆಯುತ್ತಾರೆ ಎಂದು ಈ ಸಲ ಹೇಳಲಿಲ್ಲ. ಅವಳು ಅದನ್ನು ಹೇಳುತ್ತಾಳೋ ಎಂದು ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದೆವು.

ಅವತ್ತಿನಿಂದ ಪದ್ಮಳನ್ನು ಮತ್ತೆ ನಮ್ಮ ಮನೆಯಲ್ಲಿ ಇರಿಸಿಕೊಂಡು ದಿನವೂ ಮಾಡಿಸಿದೆ. ಬಿಸಿನೀರು, ಎಣ್ಣೆ, ಹಿಂಡುವ ಚೆಂಡು. ನೋವಿಗೆ ಪದ್ಮ ಸೆರಗು ಕಚ್ಚಿಕೊಳ್ಳುವಳು. ಒಂದು ತಿಂಗಳಿಗೆ ಗೋಧಿಕಾಳಿನಷ್ಟು ಜರುಗಿತು. ಆಮೇಲೆ ಅದೂ ನಿಂತಿತು.

ಕೋರ್ಟಿನಲ್ಲಿ ಪದ್ಮಳ ಸಾಕ್ಷಿಯ ದಿನ ಬಂತು. ಕಂಪನಿಯ ಪರ ವಕೀಲರು ಒಬ್ಬರು ಯುವಕರು, ಗದರಿಸುವವರಲ್ಲ. ಕೈಯಲ್ಲಿ ಆ ಹಳದಿ ಕಾರ್ಡಿನ ನಕಲು ಇತ್ತು. ಬಿಲ್ಲುಗಳ ಜೊತೆ ಅದನ್ನೂ ಜೋಪಾನವಾಗಿ ಇಟ್ಟು ವಕೀಲರಿಗೆ ಕೊಟ್ಟಿದ್ದವಳು ನಾನೇ.

“ಇದರಲ್ಲಿ ಮೂರೇ ಸಹಿ ಇವೆ. ನಾಲ್ಕನೇ ಸಲ ಯಾಕಮ್ಮಾ ಹೋಗ್ಲಿಲ್ಲ?”

“ನೋವು ತಡ್ಕೊಳ್ಳೋಕೆ ಆಗ್ಲಿಲ್ಲ ಸ್ವಾಮಿ.”

“ಹೋಗ್ಬೇಡ ಅಂತ ಯಾರಾದ್ರೂ ಹೇಳಿದ್ರಾ?”

ಪದ್ಮ ಕಟಕಟೆಯ ಮೇಲೆ ಎಡಗೈ ಇಟ್ಟುಕೊಂಡಿದ್ದಳು. ನಾನು ಮೂರನೆಯ ಬೆಂಚಿನಲ್ಲಿ, ಅವಳ ನೇರಕ್ಕೆ ಕೂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದರೆ ಎಲ್ಲರಿಗೂ ತಿಳಿದುಬಿಡುತ್ತದೆ ಎಂದು ನೋಡಲಿಲ್ಲ. ಆ ಜಾಣತನ ಅವಳಿಗೆ ಕಲಿಸಿದ್ದೂ ನಾನೇ.

“ಇಲ್ಲ ಸ್ವಾಮಿ. ಯಾರೂ ಹೇಳ್ಲಿಲ್ಲ. ನಾನಾಗೇ ಬಿಟ್ಟೆ.”

ದೇವರ ಹೆಸರಲ್ಲಿ ಪ್ರಮಾಣ ಮಾಡಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಸೋಮವಾರ ತಪ್ಪದೆ ಉಪವಾಸ ಮಾಡುವವಳು. ನಾನು ಎದ್ದು ನಿಂತು, ‘ಸ್ವಾಮಿ, ಬೇಡ ಅಂದದ್ದು ನಾನು’ ಎನ್ನಬೇಕಾಗಿತ್ತು. ಎದ್ದರೆ ಕೇಸು ಬೀಳುತ್ತದೆ, ಕೂತರೆ ಎಷ್ಟೋ ಒಂದಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಆಗಲೂ ಲೆಕ್ಕ ಹಾಕಿದೆ. ಕೂತಲ್ಲೇ ಕೂತೆ.

ಅವತ್ತಿನ ಮಾತಿನಿಂದ ಕೇಸಿಗೆ ಪೆಟ್ಟಾಯಿತು ಎಂದರು ಶ್ರೀನಿವಾಸಯ್ಯನವರು. ಅರ್ಧ ತಪ್ಪು ನಿಮ್ಮದೇ ಎನ್ನುವ ಹಾಗೆ ಕಂಪನಿಯವರು ವಾದಿಸುತ್ತಾರೆ, ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವುದು ಮೇಲು ಎಂದರು. ಅಲ್ಲಿ ಕಂಪನಿಯವರು ಹೇಳಿದ್ದನ್ನು ನಾನು ಮೂರು ಸಲ ಏರಿಸಿದೆ. ಜನ ‘ಗೆಲ್ಲಿಸಿದಳು’ ಎನ್ನುವುದು ಇದನ್ನೇ. ಆ ಹಣ ಹಿಡಿದುಕೊಂಡು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಕೈಯ ಡಾಕ್ಟರು ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿ, ಆಪರೇಷನ್ ಮಾಡಿದರೆ ಚಮಚ ಹಿಡಿಯಬಹುದು, ಬಾಗಿಲ ಚಿಲಕ ಹಾಕಬಹುದು, ರೇಷ್ಮೆಯ ಎಳೆ ಹಿಡಿಯುವುದು ಬೇರೆ ಮಾತು ಎಂದರು. ಮಾಡಿಸಿದೆವು. ಈಗ ಚಮಚ ಹಿಡಿಯುತ್ತಾಳೆ.

ಶಿಡ್ಲಘಟ್ಟಕ್ಕೆ ಹೋಗಿ ಅವಳ ಮುಂದೆ ಕೂತು ಒಂದು ದಿನ ಹೇಳಿಯೇ ಬಿಟ್ಟೆ. “ನಿನ್ ಕೈ ಹಾಳ್ಮಾಡ್ದೋಳು ನಾನು ಕಣೇ ಪದ್ಮಾ. ಬೈಯೇ ನನ್ನ. ಒಂದ್ಸಲನಾದ್ರೂ ಬೈಯೇ.”

ಅವಳು ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು. “ಮನಸ್ನಲ್ಲಿ ಎಷ್ಟೋ ಸಲ ಬೈಯಕ್ಕೆ ನೋಡ್ದೆ ಅಕ್ಕಾ. ಶುರು ಮಾಡ್ತೀನಿ, ಅಷ್ಟರಲ್ಲಿ ನೀನು ನಂಗೆ ಜಡೆ ಹಾಕ್ತಿದ್ದಿದ್ದು ನೆನಪಾಗ್ತದೆ. ನಂಗೆ ಬೈಯಕ್ಕೂ ಬರ್ತಿಲ್ಲ, ಬಿಡಕ್ಕೂ ಬರ್ತಿಲ್ಲ. ಟೀ ಕುಡೀತೀಯಾ?” ಎಂದಳು.

ಅಲ್ಲಿಗೆ ಅಪಘಾತದ ನಂತರದ ಎರಡನೆಯ ಕಾರ್ತಿಕ ಬಂದಿತ್ತು. ಕೂಲಿಯವರನ್ನು ಇಟ್ಟುಕೊಂಡು ನೂಲು ತೆಗೆಸುವುದು ಗಿಟ್ಟದೆ, ಕೃಷ್ಣಪ್ಪ ಬೇರೆಯವರ ಘಟಕಕ್ಕೆ ದಿನಗೂಲಿಗೆ ಹೋಗುತ್ತಿದ್ದ. ಪದ್ಮ ಫೋನ್ ಮಾಡಿ, “ಚರಕ ಮಾರ್ತಾ ಇದೀವಿ, ಬಾ ಅಕ್ಕಾ” ಎಂದಳು. ನನ್ನನ್ನು ಬೆಲೆ ಮಾತಾಡಲು ಕರೆಯುತ್ತಿದ್ದಾಳೆ ಎಂದುಕೊಂಡೆ. ಒಂದಿಷ್ಟಾದರೂ ಕೆಲಸಕ್ಕೆ ಬಂದೇನು ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಕೂಡ ಹಾಕಿದ್ದೆ.

ಕೊಳ್ಳಲು ಬಂದವಳು ಪಕ್ಕದ ಬೀದಿಯ ಮುಬೀನ, ಹೊಸದಾಗಿ ಮದುವೆಯಾದ ಹುಡುಗಿ. ಶೆಡ್ಡಿನಲ್ಲಿ ಚಕ್ರ ತಿರುಗಿಸಿ ನೋಡಿದಳು, ಬಾಣಲೆ ತಟ್ಟಿ ನೋಡಿದಳು. ಪದ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: “ಅಕ್ಕಾ, ನೀನು ಮಾತಾಡ್ಬೇಡ. ಇದೊಂದನ್ನ ನಾನೇ ಕೊಡ್ತೀನಿ.”

ಮುಬೀನ ಒಂದು ಬೆಲೆ ಹೇಳಿದಳು. ಶುರುವಿಗೆ ಎಲ್ಲರೂ ಹೇಳುವ ಹಾಗೆ ತೀರಾ ಕಡಿಮೆ. ಹೇಳಿ ನನ್ನ ಮುಖ ನೋಡಿದಳು. ಅದರ ಒಂದೂವರೆ ಪಟ್ಟಿಗೆ ಅವಳು ಸಿದ್ಧವಾಗಿ ಬಂದಿದ್ದಾಳೆ ಎಂದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

“ಆಯ್ತು, ತಗೊಂಡೋಗಮ್ಮ” ಎಂದಳು ಪದ್ಮ.

ಹುಡುಗಿ ಗಲಿಬಿಲಿಯಾದಳು. “ಪದ್ಮಕ್ಕಾ, ನಾನು... ಸುಮ್ನೆ ಮೊದಲ್ನೇ ಮಾತು ಹೇಳ್ದೆ ಅಷ್ಟೇ.”

“ನಂಗೆ ಮೊದಲ್ನೇ ಮಾತೇ ಸಾಕು.”

ಟೆಂಪೋ ಬಾಗಿಲಿಗೆ ಬಂದು ನಿಂತಿತು. ಚರಕ ಎತ್ತಲು ಎರಡೂ ಕಡೆ ಜನ ಬೇಕು. ಒಂದು ತುದಿಗೆ ಕೃಷ್ಣಪ್ಪ ಬಗ್ಗಿದ. ಇನ್ನೊಂದು ತುದಿಗೆ ಪದ್ಮ ಅಭ್ಯಾಸಬಲದಿಂದ ಬಗ್ಗಿ, ಬಲಗೈ ಚಾಚಿ, ಹಾಗೆಯೇ ನಿಂತಳು. ನಾನು ಹೋಗಿ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಆ ತುದಿ ಹಿಡಿದುಕೊಂಡೆ. ಅವಳು ಕೂರುತ್ತಿದ್ದ ಕಡೆ ಮರ ನುಣ್ಣಗೆ ಸವೆದಿತ್ತು. ಹೊಸ್ತಿಲು ದಾಟಿಸಿ ಟೆಂಪೋಗೆ ಏರಿಸುವವರೆಗೂ ನಾನು ತಲೆ ಎತ್ತಲಿಲ್ಲ.